ಬಾಗೇವಾಡಿಯಲ್ಲಿ ಮಾರಿದ ಲೆಹೆಂಗಾ

ನನಗೊಂದು ಚಟವಿದೆ. ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತವರ ಚೀಲದಲ್ಲಿ ಏನಿದೆ ಎಂದು ತಿಳಿಯದೆ ನನಗೆ ಇಳಿಯಲು ಆಗುವುದಿಲ್ಲ. ಇಂಡಿಯಿಂದ ಅಗರಖೇಡದ ಶಾಲೆಗೆ ಪಾಠ ಹೇಳಲು ದಿನಾ ಹೋಗಿಬರುತ್ತೇನೆ. ಆ ದಾರಿಯ ಅರ್ಧ ಜನರ ಸಂಸಾರ ನನಗೆ ಬಾಯಿಪಾಠ. ಯಾರ ಎಮ್ಮೆ ಈದಿದೆ, ಯಾರ ಸೊಸೆ ತವರಿಗೆ ಹೋದವಳು ಇನ್ನೂ ಬಂದಿಲ್ಲ, ಯಾರ ಮಗಳಿಗೆ ಗಂಡು ನೋಡುತ್ತಿದ್ದಾರೆ, ಎಲ್ಲ ಗೊತ್ತು. ನನ್ನ ಗಂಡ ಇದನ್ನು ಊರ ಉಸಾಬರಿ ಎನ್ನುತ್ತಾರೆ. ಉಸಾಬರಿಯಾದರೆ ಉಸಾಬರಿ. ತಿಳಿದುಕೊಂಡರೆ ಯಾರಪ್ಪನ ಗಂಟು ಹೋಗುತ್ತದೆ?

ಆದ್ದರಿಂದ, ಒಬ್ಬರು ತೊಟ್ಟುಬಿಟ್ಟ ಡಿಸೈನರ್ ಬಟ್ಟೆಗಳನ್ನು ಕೊಂಡು ಇನ್ನೊಬ್ಬರಿಗೆ ಮಾರುವ ಅಂಗಡಿಯೊಂದು ಬಸವನ ಬಾಗೇವಾಡಿಯಲ್ಲಿದೆ ಎಂದು ಶಾಲೆಯಲ್ಲಿ ಮಾತು ಬಂದಾಗ ನನಗೆ ಸಮಾಧಾನವೇ ಹೋಯಿತು. ಯಾರು ಮಾರುತ್ತಾರೆ? ಯಾರು ಕೊಳ್ಳುತ್ತಾರೆ? ಮನೆಯಲ್ಲಿ ಏನು ಹೇಳುತ್ತಾರೆ? ಹಳೆಯ ಸೀರೆ ಕೊಟ್ಟು ಸ್ಟೀಲಿನ ಪಾತ್ರೆ ತೆಗೆದುಕೊಳ್ಳುವುದು ನಮ್ಮ ಕಡೆ ಗೊತ್ತು. ಹಳೆಯ ಸೀರೆಗಳಿಂದ ಕೌದಿ ಹೊಲಿಯುವುದು ಗೊತ್ತು. ಮಂದಿ ಮೈಮೇಲಿನ ಬಟ್ಟೆಯನ್ನು ಹ್ಯಾಂಗರಿಗೆ ಹಾಕಿ ಮಾರುವುದೆಂದರೆ ಅದನ್ನು ಕಣ್ಣಾರೆ ನೋಡಲೇಬೇಕು. ಬಸವಣ್ಣನ ಗುಡಿಗೆ ಹೋಗಿಬರುತ್ತೇನೆಂದು ಅತ್ತೆಗೆ ಹೇಳಿ ರವಿವಾರ ಹೊರಟೆ. ಗುಡಿಗೂ ಹೋದೆ. ಸುಳ್ಳಾಗಬಾರದಲ್ಲ.

ಅಂಗಡಿ ಒಂದು ಗೊಬ್ಬರದ ಅಂಗಡಿಯ ಮೇಲಿತ್ತು. ಮೆಟ್ಟಿಲ ತುಂಬ ಯೂರಿಯಾ ವಾಸನೆ, ಬಾಗಿಲು ತೆಗೆದರೆ ಅತ್ತರಿನ ವಾಸನೆ. ಬೋರ್ಡಿನ ಮೇಲೆ ಮಾತ್ರ "ಮದುವೆ ಉಡುಪು ಬಾಡಿಗೆಗೆ" ಎಂದು ಬರೆದಿತ್ತು. ಒಳಗೆ ಒಬ್ಬ ಹೆಂಗಸು ಕೂತಿದ್ದರು. ಅವರ ಅಜ್ಜನ ಕಾಲದಿಂದ ಸಂತೆಸಂತೆ ತಿರುಗಿ ಬಟ್ಟೆ ಮಾರಿದ ಮನೆತನವಂತೆ. ಎಲ್ಲರೂ ಅವರನ್ನು ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ.

"ಆಪಾ, ಮಾರೋ ಅಂಗಡಿಗೆ ಬಾಡಿಗಿ ಬೋರ್ಡ್ ಯಾಕ ಹಾಕೀರಿ?" ಎಂದೆ.

"ಬಾಡಿಗಿ ಅಂದ್ರ ಯಾರ ಮಾನಾನೂ ಹೋಗಂಗಿಲ್ರಿ. ಹಳೇದು ಅಂದ್ರ ಯಾರೂ ಮೆಟ್ಲ ಹತ್ತಂಗಿಲ್ಲ," ಎಂದರು.

ನನಗೆ ನಗು ಬಂತು. ನಮ್ಮ ಆಯೇರಿ ಸೀರೆಗಳ ನೆನಪಾಯಿತು. ಮದುವೆಯಲ್ಲಿ ಉಡುಗೊರೆ ಬಂದ ಸೀರೆಯ ಮಡಿಕೆ ಬಿಚ್ಚದೆ ಕಪಾಟಿನಲ್ಲಿ ಇಟ್ಟಿರುತ್ತೇವೆ, ಮುಂದಿನ ಮದುವೆಗೆ ಅದನ್ನೇ ಕೊಡುತ್ತೇವೆ. ಅವರು ಇನ್ನೊಬ್ಬರಿಗೆ ಕೊಡುತ್ತಾರೆ. ಹೀಗೆ ಊರೆಲ್ಲ ತಿರುಗಿ ನಾನು ಕೊಟ್ಟ ಸೀರೆ ನನಗೇ ಬಂದದ್ದೂ ಉಂಟು. ಅದಕ್ಕೆ ಯಾರೂ ಹಳೆಯದು ಎನ್ನುವುದಿಲ್ಲ. ಒಮ್ಮೆ ಮೈಗೆ ಹತ್ತಿದ್ದೇ ತಡ, ಬಟ್ಟೆ ಮೈಲಿಗೆ.

ಆಪಾ ಬಟ್ಟೆ ನೋಡುವ ರೀತಿ ನೋಡುತ್ತ ಕೂತೆ. ಮೊದಲು ಒಳಮೈ ಹೊರಗೆ ಮಾಡುತ್ತಾರೆ. ಕಂಕುಳ ಹತ್ತಿರ ಮೂಗಿಟ್ಟು ನೋಡುತ್ತಾರೆ. ಟ್ಯೂಬ್‌ಲೈಟಿಗೆ ಹಿಡಿದು ಎಲ್ಲಿ ಮಣಿ ಉದುರಿದೆ ಎಂದು ಹುಡುಕುತ್ತಾರೆ. ಕುತ್ತಿಗೆಯ ಹಿಂದೆ ಹೊಲಿದ ಡಿಸೈನರ್ ಹೆಸರಿನ ಪಟ್ಟಿಯನ್ನು ಉಗುರಿನಿಂದ ಕೆರೆದು, ಅದು ಆಮೇಲೆ ಅಂಟಿಸಿದ್ದೋ ಮೂಲದ್ದೋ ಎಂದು ಪರೀಕ್ಷೆ ಮಾಡುತ್ತಾರೆ. ಕೊಳ್ಳಲು ಬಂದವರು ಮಾತ್ರ ದವಾಖಾನೆಗೆ ಬಂದವರಂತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, "ನಮ್ಮ ಗೆಳತಿಗೆ ಬೇಕಾಗಿತ್ರಿ," ಎನ್ನುತ್ತಾರೆ. ಆ ಗೆಳತಿಯ ಅಳತೆ ಮಾತ್ರ ಯಾವಾಗಲೂ ಇವರದೇ ಇರುತ್ತದೆ.

ಆಪಾಗೆ ಒಂದು ನೇಮವಿತ್ತು. ಯಾವ ಊರಿನಿಂದ ಬಂದ ಬಟ್ಟೆಯನ್ನೂ ಆ ಊರಿನಲ್ಲಿ ಮಾರುತ್ತಿರಲಿಲ್ಲ. ಇಂಡಿಯದು ಮುದ್ದೇಬಿಹಾಳದವರಿಗೆ, ಮುದ್ದೇಬಿಹಾಳದ್ದು ಸಿಂದಗಿಯವರಿಗೆ, ಸಿಂದಗಿಯದು ಇಂಡಿಯವರಿಗೆ. "ಊರು ದಾಟಿದ್ರ ಬಟ್ಟಿ ಹೊಸದಾಗ್ತದ್ರಿ," ಎಂದು ಹೇಳಿದರು. ಕೇಳಿ ನನಗೆ ಬಹಳ ಸೈ ಅನ್ನಿಸಿತು. ಆ ಲೆಕ್ಕದಲ್ಲಿ ಒಂದು ದೊಡ್ಡ ತೂತಿದೆ ಎಂದು ಆಪಾಗೂ ಹೊಳೆದಿರಲಿಲ್ಲ, ನನಗೂ ಹೊಳೆಯಲಿಲ್ಲ.

ನೋಡಲು ಹೋದವಳು ಮಾರುವ ಯೋಚನೆ ಹೊತ್ತು ಬಂದೆ. ನನ್ನ ಕಪಾಟಿನ ಅರ್ಧವನ್ನು ಏಳೆಂಟು ವರ್ಷದಿಂದ ನನ್ನ ರಿಸೆಪ್ಷನ್ನಿನ ಲೆಹೆಂಗಾ ನುಂಗಿ ಕೂತಿತ್ತು. ನನ್ನ ಸೋದರಮಾವ ನಿಂಬೆಹಣ್ಣಿನ ವ್ಯಾಪಾರಿ. ಇಂಡಿಯ ನಿಂಬೆಯನ್ನು ಪುಣೆಯ ಮಾರ್ಕೆಟ್ಟಿಗೆ ಹಾಕಿ ಬರುವಾಗ, ಯಾವುದೋ ಡಿಸೈನರ್ ಅಂಗಡಿಗೆ ನುಗ್ಗಿ ತಂದದ್ದು ಅದು. ಬಣ್ಣ ಅವನ ಕಣ್ಣಿಗೆ ಯಾವುದು ಚೆಂದವೋ ಅದೇ: ಗಿಡದಲ್ಲೇ ಹಣ್ಣಾಗತೊಡಗಿದ ನಿಂಬೆಯದು. ಅತ್ತ ಹಸಿರೂ ಅಲ್ಲ, ಇತ್ತ ಹಳದಿಯೂ ಅಲ್ಲ. ಅಂಥ ಬಣ್ಣದ ಲೆಹೆಂಗಾ ನಮ್ಮ ನಾಲ್ಕು ತಾಲ್ಲೂಕಿನಲ್ಲಿ ಇನ್ನೊಂದಿರಲಿಲ್ಲ. ಒಂದೇ ಸಲ ತೊಟ್ಟದ್ದು. ಎರಡು ಹೆರಿಗೆಯಾದ ಮೇಲೆ ಅದರಲ್ಲಿ ನನ್ನ ಒಂದು ಕಾಲು ಹಿಡಿದರೆ ಪುಣ್ಯ.

ಮಾರಲು ಅಡ್ಡಿ ಒಂದೇ, ನನ್ನ ಅತ್ತೆ. ಮದುವೆಯಲ್ಲಿ ಮೈಗೆ ಹತ್ತಿದ ಬಟ್ಟೆ ಮನೆಯ ಹೊಸ್ತಿಲು ದಾಟಬಾರದು ಎನ್ನುವವರು ಅವರು. ದಾಟಿದರೆ ಮನೆಯ ಕಳೆ ಹೋಗುತ್ತದಂತೆ. ತಮ್ಮ ಮದುವೆಯ ಇಳಕಲ್ ಸೀರೆ ಪುಡಿಪುಡಿಯಾದರೂ ಬಿಳಿ ಬಟ್ಟೆಯಲ್ಲಿ ಕಟ್ಟಿ ಇಟ್ಟಿದ್ದಾರೆ. ಅವರ ಬಾಯಿ ಅಂದರೆ ನಮ್ಮ ಓಣಿಯೇ ಹೆದರುತ್ತದೆ. ಗಂಡನನ್ನು ಕೇಳಿದರೆ, "ಬಟ್ಟಿ ನಿಂದು, ಬೈಸಿಕೊಳ್ಳಾಕಿ ನೀನು, ನನ್ನ ಯಾಕ ನಡುವ ತರ್ತಿ?" ಎಂದು ಪೇಪರ್ ಮುಖಕ್ಕೆ ಹಿಡಿದರು. ಲೆಹೆಂಗಾದ ಚೀಲಕ್ಕೆ ಒಂದು ಕೌದಿ ಮಡಿಚಿ ತುಂಬಿ, ಜಿಪ್ ಎಳೆದು, ಅದೇ ಜಾಗದಲ್ಲಿ ತೂಗುಹಾಕಿದೆ. ಲೆಹೆಂಗಾ ಶಾಲೆಯ ಬ್ಯಾಗಿನಲ್ಲಿ ಬಾಗೇವಾಡಿಗೆ ಹೋಯಿತು. ನನಗೆ ಒಂದಿಷ್ಟೂ ಪಶ್ಚಾತ್ತಾಪವಾಗಲಿಲ್ಲ, ಇವತ್ತಿಗೂ ಇಲ್ಲ.

ಆದರೆ ಚಟ ಬಿಡಬೇಕಲ್ಲ. ಅದನ್ನು ಯಾರು ಕೊಂಡರು? ಎತ್ತರದವಳೋ ಗಿಡ್ಡಿಯೋ? ಆ ಬಣ್ಣ ಅವಳಿಗೆ ಒಪ್ಪಿತೋ? ಆಪಾಗೆ ಫೋನ್ ಮಾಡಿ ಮಾಡಿ ತಲೆ ತಿಂದೆ. ಹೋಗಿದೆ ಎಂದಷ್ಟೇ ಹೇಳಿದರು. ಎಲ್ಲಿಗೆ ಎಂದರೆ, "ಟೀಚರ್, ಮಾರಿದ ಮ್ಯಾಲ ಅದರ ಹಿಂದ ಬೀಳಬಾರದ್ರಿ," ಎಂದು ಫೋನ್ ಇಟ್ಟುಬಿಟ್ಟರು.

ಮುಂದಿನ ಮೇ ತಿಂಗಳಲ್ಲಿ ಮುದ್ದೇಬಿಹಾಳದಲ್ಲಿ ಒಂದು ಮದುವೆ. ಹುಡುಗ ಅತ್ತೆಯ ತವರಿನ ಕಡೆಯ ದೂರದ ಸಂಬಂಧ. ಅವನ ತಾಯಿಗೆ ನನ್ನ ಮದುವೆಗೆ ಬರಲಾಗಿರಲಿಲ್ಲ, ಅವರನ್ನು ನಾನು ನೋಡಿದ್ದೇ ಅಂದು. ಹುಡುಗಿ ಸಿಂದಗಿ ತಾಲ್ಲೂಕಿನ ಕನ್ನೊಳ್ಳಿಯವಳು. ನಾನು, ಅತ್ತೆ, ಓಣಿಯ ನಾಲ್ಕೈದು ಬಂಧುಗಳು ಒಂದು ಕ್ರೂಸರ್ ಜೀಪು ಮಾಡಿಕೊಂಡು ಹೋದೆವು. ಮಧ್ಯಾಹ್ನ ಅಕ್ಷತೆಯ ಅಕ್ಕಿಕಾಳು ಬಿದ್ದವು, ಊಟ ಸುರುವಾಯಿತು. ಊಟದ ಮೇಲೆ ಮದುಮಗಳು ಬಟ್ಟೆ ಬದಲಿಸಿ ವೇದಿಕೆಗೆ ಬರಬೇಕು, ಫೋಟೊ ಆಗಬೇಕು. ಸಿಂಗರಿಸಲು ಬಂದ ಬ್ಯೂಟಿಷಿಯನ್ ಇನ್ನೊಂದು ಮದುವೆಗೆ ಓಡಿದ್ದಳು. ಹುಡುಗನ ತಾಯಿ ನನ್ನ ಹತ್ತಿರ ಬಂದು, "ಟೀಚರ್ ಅದೀರಿ, ನಿಮಗ ತಿಳೀತೈತಿ. ಒಂದೀಟು ಹುಡುಗಿಗೆ ಪಿನ್ ಹಚ್ಚಿ ಕೊಡ್ರಿ," ಎಂದರು. ಟೀಚರಿಗೂ ಪಿನ್ನಿಗೂ ಏನು ಸಂಬಂಧವೋ. ಕರೆಯದಿದ್ದರೂ ಹೋಗುವವಳು ನಾನು, ಕರೆದರೆ ಬಿಡುತ್ತೇನೆಯೇ?

ಕೋಣೆಯ ಬಾಗಿಲು ತೆಗೆದೆ. ಕಿಟಕಿಯ ಸರಳಿಗೆ ನನ್ನ ಲೆಹೆಂಗಾ ತೂಗುತ್ತಿತ್ತು.

ಆಪಾನ ಲೆಕ್ಕದ ತೂತು ಆಗ ಕಂಡಿತು. ಇಂಡಿಯ ಬಟ್ಟೆಯನ್ನು ಅವರು ಮುದ್ದೇಬಿಹಾಳಕ್ಕೆ ದಾಟಿಸುತ್ತಾರೆ, ಸರಿ. ನಾವು ಹೆಣ್ಣು ಕೊಟ್ಟು ತರುವುದೂ ಅದೇ ಊರುಗಳ ನಡುವೆಯೇ. ಬಟ್ಟೆ ಹೋದ ದಾರಿಯಲ್ಲೇ ಬೀಗತನವೂ ಹೋಗುತ್ತದೆ. ಇನ್ನು ಸ್ವಲ್ಪ ಹೊತ್ತಿಗೆ ಈ ಹುಡುಗಿ ಅದನ್ನು ತೊಟ್ಟು ವೇದಿಕೆಯ ಮೇಲೆ ನಿಲ್ಲುತ್ತಾಳೆ. ಕೆಳಗೆ ಮೊದಲ ಸಾಲಿನಲ್ಲಿ ನನ್ನ ಅತ್ತೆ ಎಲೆ ಅಡಿಕೆ ಹಾಕಿಕೊಂಡು ಕೂತಿರುತ್ತಾರೆ. ನೆರೆದವರಲ್ಲಿ ಅದನ್ನು ನನ್ನ ಮೈಮೇಲೆ ನೋಡಿದವರು ಅವರೊಬ್ಬರೇ. ಅವರ ಬಾಯಿಯಿಂದ ಒಂದು ಮಾತು ಬಿದ್ದರೆ ನನ್ನ ಕಥೆ ಹಾಗಿರಲಿ, ಈ ಹುಡುಗಿಯ ಗತಿ ಏನು? ಇಡೀ ಮಂಟಪ ಅವಳನ್ನು ಹಳೆ ಬಟ್ಟೆ ತೊಟ್ಟ ಮದುಮಗಳು ಎನ್ನುತ್ತದೆ. ಆ ಹೆಸರು ಅವಳ ಮೊಮ್ಮಕ್ಕಳ ಮದುವೆಯ ತನಕ ಬಿಡುವುದಿಲ್ಲ.

ತಲೆನೋವೆಂದು ಹೇಳಿ ಅತ್ತೆಯನ್ನು ಕರೆದುಕೊಂಡು ಹೊರಟುಬಿಡೋಣವೇ ಎಂದುಕೊಂಡೆ. ಕಾಲು ಮಾತ್ರ ಬಾಗಿಲ ಕಡೆ ಹೋಗಲೊಲ್ಲದು. ಅದು ಅವಳಿಗೆ ಹೇಗೆ ಕಾಣುತ್ತದೆ ಎಂದು ನೋಡುವ ಆಸೆ.

ಹುಡುಗಿ ತೆಳ್ಳಗೆ, ಎತ್ತರಕ್ಕಿದ್ದಳು. ಎಣ್ಣೆಗಪ್ಪು ಬಣ್ಣ. ತೊಟ್ಟು ಕನ್ನಡಿಯ ಮುಂದೆ ನಿಂತಾಗ ನಾನು ಹಿಂದೆ ಸರಿದು ಅಡಿಯಿಂದ ಮುಡಿಯ ತನಕ ನೋಡಿದೆ. ನನ್ನ ಮೈಮೇಲೆ ಆ ಬಟ್ಟೆ ತೋರಣ ಕಟ್ಟಿದ ಟ್ರ್ಯಾಕ್ಟರಿನಂತಿತ್ತು. ಸೋದರಮಾವ ಪುಣೆಯಲ್ಲಿ ಯಾರನ್ನು ನೆನೆದು ತಂದನೋ, ಅದು ಈ ಹುಡುಗಿಗೆಂದೇ ಹೊಲಿದದ್ದು. ನನಗೆ ಹೊಟ್ಟೆಕಿಚ್ಚಾಯಿತು, ಖುಷಿಯೂ ಆಯಿತು.

"ಜಿಪ್ ನಿಲ್ಲವಲ್ದರಿ ಅಕ್ಕಾರ, ಜಾರಾಕತ್ತೈತಿ," ಎಂದಳು.

"ತಡಿ," ಎಂದೆ. ಎಡಗಡೆಗೆ ಹೋಗಿ, ನಡುಪಟ್ಟಿಯ ಒಳಗೆ ಬೆರಳು ತೂರಿಸಿ, ಅಸ್ತರಿನ ಮರೆಯಲ್ಲಿದ್ದ ಹುಕ್ಕನ್ನು ಕೆಳಗಿನಿಂದ ಮೇಲಕ್ಕೆ ತಿರುವಿ ಹಾಕಿದೆ. ನನ್ನ ರಿಸೆಪ್ಷನ್ ದಿನವೂ ಜಿಪ್ ಹೀಗೇ ಜಾರಿತ್ತು. ಆಗ ನಮ್ಮ ದರ್ಜಿ ಗಡಿಬಿಡಿಯಲ್ಲಿ ತಲೆಕೆಳಗಾಗಿ ಹೊಲಿದ ಹುಕ್ಕು ಅದು. ಹೊರಗಿನಿಂದ ಕಾಣುವುದೇ ಇಲ್ಲ.

ಕನ್ನಡಿಯಲ್ಲಿ ಹುಡುಗಿ ನನ್ನನ್ನೇ ನೋಡುತ್ತಿದ್ದಳು.

"ಅಲ್ಲೊಂದು ಹುಕ್ ಐತಿ ಅಂತ ನಿಮಗ ಹೆಂಗ ಗೊತ್ತಾತ್ರಿ?" ಎಂದಳು.

ಊರ ಮಂದಿಯನ್ನೆಲ್ಲ ಪ್ರಶ್ನೆ ಕೇಳಿ ಸುಸ್ತು ಮಾಡುವವಳು ನಾನು. ಎಲ್ಲ ಲೆಹೆಂಗಾಕ್ಕೂ ಇರ್ತಾವ ಎಂದೇನೋ ಗೊಣಗಿದೆ.

ಅವಳು ನಂಬಲಿಲ್ಲ. ಬಾಗಿಲ ಕಡೆ ಒಮ್ಮೆ ನೋಡಿ, ಮೇಜಿನ ಮೇಲಿದ್ದ ತನ್ನ ಪರ್ಸಿನಿಂದ ಕಾಗದದ ಚೂರೊಂದನ್ನು ತೆಗೆದು ಬಿಚ್ಚಿದಳು. ಒಳಗೆ ಅರಿಸಿನ ಮಾಸಿದ ಅಕ್ಷತೆಯ ಅಕ್ಕಿಕಾಳುಗಳಿದ್ದವು, ನನ್ನ ರಿಸೆಪ್ಷನ್ನಿನಲ್ಲಿ ಹಿರಿಯರು ಹರಸಿ ಹಾಕಿದವು.

"ನಮ್ಮತ್ತಿ ಇದನ್ನ ಪುಣೆದಿಂದ ಹೊಸದು ತರಿಸೀವಿ ಅಂತ ನಮ್ಮವ್ವನ ಮುಂದ ಹೇಳ್ಯಾರ್ರಿ. ಅಳತಿ ನೋಡಾಕ ಹಾಕ್ಕೊಂಡಾಗ ಅಂಚಿನ ಮಡಿಕ್ಯಾಗ ಇವು ಸಿಕ್ಕು. ನಾ ಯಾರಿಗೂ ಹೇಳಿಲ್ಲ. ಹಳೇದು ಇದ್ರ ಇರವಲ್ದ್ಯಾಕ್ರಿ, ಬಟ್ಟಿ ಛಲೋ ಐತಿ, ನನಗ ಮನಸಿಗೆ ಬಂದೈತಿ. ಆದ್ರ..." ಎಂದು ನಿಲ್ಲಿಸಿದಳು. ಕಣ್ಣಿನ ಕಾಡಿಗೆ ಹರಡಬಾರದೆಂದು ಮುಖ ಮೇಲೆತ್ತಿದಳು. "ಛಲೋ ಸಂಸಾರ ಮಾಡಾವ್ರು ಯಾರರ ಮದವಿ ಬಟ್ಟಿ ಮಾರ್ತಾರೇನ್ರಿ? ಇದನ್ನ ಹಾಕ್ಕೊಂಡಾಕಿ ಬದುಕ್ಯಾಳೋ ಇಲ್ಲೋ. ಗಂಡ ಬಿಟ್ಟಾನೋ ಏನೋ. ಒಂದು ವಾರ ಆತು, ನನಗ ಊಟ ಸೇರವಲ್ದು. ಆಕಿ ಹಣೇಬರಾನೂ ಇದರ ಸಂಗಾಟ ನನ್ನ ಮೈಮ್ಯಾಲ ಬಂದ್ರ ಏನು ಮಾಡ್ಲಿ?"

ಇಷ್ಟು ದಿನ ನಾನು ಇವಳು ಯಾರಿರಬಹುದು ಎಂದು ಒದ್ದಾಡಿದ್ದೆ, ಇವಳು ನಾನು ಯಾರಿರಬಹುದು ಎಂದು ಒದ್ದಾಡಿದ್ದಳು. ನನ್ನದು ಬರೀ ಚಟ. ಇವಳದು ಜೀವದ ಪ್ರಶ್ನೆ. ಅದಕ್ಕೆ ಉತ್ತರ ಇಡೀ ಮಂಟಪದಲ್ಲಿ ನನ್ನೊಬ್ಬಳ ಹತ್ತಿರ ಇತ್ತು.

ಅಷ್ಟರಲ್ಲಿ ಬಾಗಿಲು ಸರಿದು ಅತ್ತೆ ಒಳಗೆ ಬಂದರು. ಕೈಯಲ್ಲಿ ಮದುಮಗಳಿಗೆ ಕೊಡುವ ಆಯೇರಿ ಸೀರೆ. ಬಂದವರ ಕಣ್ಣು ಸೀದಾ ಲೆಹೆಂಗಾದ ಮೇಲೆ ಬಿತ್ತು. ಅಲ್ಲಿಂದ ನನ್ನ ಮುಖಕ್ಕೆ ಬಂತು. ಅಲ್ಲಿಂದ ಮತ್ತೆ ಲೆಹೆಂಗಾಕ್ಕೆ. ಅತ್ತೆ ಸುಮ್ಮನಿದ್ದದ್ದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ.

ಹುಡುಗಿ ಕಾಗದ ಮುಚ್ಚಿಕೊಂಡು ಕಣ್ಣೊರೆಸಲು ಹೋದಳು. ಈಗ ಹೇಳದಿದ್ದರೆ ಅವಳು ಆ ಭಯ ಹೊತ್ತುಕೊಂಡೇ ಸಂಸಾರಕ್ಕೆ ಕಾಲಿಡುತ್ತಾಳೆ. ಮನೆಯಲ್ಲಿ ಹಾಲು ಉಕ್ಕಿ ಚೆಲ್ಲಿದರೂ ಅದು ಆ ಲೆಹೆಂಗಾದಿಂದಲೇ ಅಂದುಕೊಳ್ಳುತ್ತಾಳೆ.

"ತಂಗೆವ್ವಾ, ಇದು ನಂದು," ಎಂದೆ. "ನನ್ನ ಮದವ್ಯಾಗ ನಾನ ಹಾಕ್ಕೊಂಡಿದ್ನಿ. ಬಾಗೇವಾಡ್ಯಾಗ ನಾನ ಮಾರೇನಿ. ನಮ್ಮ ಅತ್ತಿಗೆ ಹೇಳಲಾರದ ಮಾರೇನಿ."

ಅತ್ತೆಯ ಕಡೆ ನೋಡುವ ಧೈರ್ಯ ನನಗಿರಲಿಲ್ಲ. ಹುಡುಗಿ ಎರಡೂ ಕೈಯಿಂದ ನನ್ನ ಕೈ ಹಿಡಿದಳು. ಮೆಹಂದಿಯ ಕೈ ತಣ್ಣಗಿತ್ತು.

"ಖರೇ ಹೇಳ್ರಿ ಅಕ್ಕಾರ. ನೀವು ಛಲೋ ಅದೀರೇನ್ರಿ?"

ಹೌದು ಎನ್ನಲು ಬಾಯಿ ತೆಗೆದೆ. ಮದುವೆಯಾಗಿ ಇಷ್ಟು ವರ್ಷದಲ್ಲಿ ಎಷ್ಟೋ ಜನ ಎಷ್ಟೋ ಕೇಳಿದ್ದಾರೆ: ಮಕ್ಕಳೆಷ್ಟು, ಪಗಾರವೆಷ್ಟು, ಸ್ವಂತ ಮನೆಯೋ ಬಾಡಿಗೆಯೋ. ನೀನು ಚೆನ್ನಾಗಿದ್ದೀಯಾ ಎಂದು, ಉತ್ತರ ಬೇಕಾಗಿ, ಹೀಗೆ ಕೈ ಹಿಡಿದು ಯಾರೂ ಕೇಳಿರಲಿಲ್ಲ. ಸುಮ್ಮನೆ ಹೂಂ ಎಂದು ಹಾರಿಸಲು ಆಗಲಿಲ್ಲ. ಗಂಡನ ಪೇಪರ್ ನೆನಪಾಯಿತು, ಮಕ್ಕಳು ನೆನಪಾದರು. ಜ್ವರ ಬಂದಾಗ ಅತ್ತೆ ಬೈಯುತ್ತಲೇ ನುಚ್ಚು ಕುದಿಸಿ ತಂದದ್ದು ನೆನಪಾಯಿತು. ಅಡುಗೆಮನೆಯಲ್ಲಿ ಒಬ್ಬಳೇ ಅತ್ತದ್ದೂ ನೆನಪಾಯಿತು. ಎಲ್ಲ ಕೂಡಿಸಿ ನೋಡುತ್ತಿದ್ದೆ. ನಾನು ತಡಮಾಡಿದಷ್ಟೂ ಹುಡುಗಿಯ ಮುಖ ಇಳಿಯುತ್ತ ಹೋಯಿತು.

ಅತ್ತೆ ಮುಂದೆ ಬಂದು ನನ್ನನ್ನು ಭುಜದಿಂದ ಪಕ್ಕಕ್ಕೆ ಸರಿಸಿದರು.

"ಆಕಿನ್ನ ಏನು ಕೇಳ್ತಿ, ನನ್ನ ಕೇಳು," ಎಂದರು. "ನಮ್ಮನಿಗೆ ಬಂದಾಗಿಂದ ಒಂದು ದಿನ ನನ್ನ ಮಾತು ಕೇಳಿಲ್ಲ. ಮನಸಿಗೆ ಬಂದಾಗ ಏಳ್ತಾಳ, ಮನಸಿಗೆ ಬಂದಲ್ಲಿ ಹೋಗ್ತಾಳ. ಗುಡಿಗಿ ಅಂತ ಹೇಳಿ ಬಟ್ಟಿ ಅಂಗಡಿಗಿ ಹೋಗ್ತಾಳ. ಗಂಡ ಹೂಂ ಅಂತಾನ, ಮಕ್ಕಳು ಹೂಂ ಅಂತಾವ. ಇದಕ್ಕಿಂತ ಛಲೋ ಎಂಥಾಕಿ ಇರ್ತಾಳವಾ? ಇಂಥಾಕಿ ಮೈಮ್ಯಾಲಿನ ಬಟ್ಟಿ ನಿನಗ ಸಿಕ್ಕೈತಿ. ಅಂಜಬೇಕಾದಾಕಿ ನೀನಲ್ಲ, ನಿಮ್ಮತ್ತಿ."

ಹುಡುಗಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ನಕ್ಕಳು. ನಗುತ್ತ ಅತ್ತುಬಿಟ್ಟಳು, ಕಾಡಿಗೆ ಕೆನ್ನೆಗೆ ಇಳಿಯಿತು, ನಾನು ಕರವಸ್ತ್ರ ಹುಡುಕುತ್ತ ಓಡಾಡಿದೆ. ಅತ್ತೆ ಅವಳ ಎರಡೂ ಕೆನ್ನೆ ಸವರಿ ಲಟಿಕೆ ಮುರಿದು ದೃಷ್ಟಿ ತೆಗೆದರು. ತಾವು ತಂದ ಸೀರೆಯನ್ನು ಉಡಿಯಲ್ಲಿ ಹಾಕಿದರು. "ಹೊರಗ ಯಾರರ ಎಲ್ಲಿ ತಗೊಂಡಿ ಅಂತ ಕೇಳಿದ್ರ ಪುಣೆದ್ದು ಅನ್ನು. ಸುಳ್ಳಲ್ಲ, ಪುಣೆದ್ದ ಐತಿ. ಈಕಿ ಸೋದರಮಾವ ತಂದಾನ," ಎಂದರು.

ವೇದಿಕೆಯ ಮೇಲೆ ಅವಳು ಬಹಳ ಚೆಂದ ಕಂಡಳು. ಹೆಂಗಸರು ಒಬ್ಬೊಬ್ಬರಾಗಿ ಹತ್ತಿ ದುಪಟ್ಟಾದ ಅಂಚು ಬೆರಳಲ್ಲಿ ತಿಕ್ಕಿ ನೋಡಿ ಬೆಲೆ ವಿಚಾರಿಸಿದರು. ಹುಡುಗನ ತಾಯಿ ಪುಣೆ ಪುಣೆ ಎಂದು ಹೇಳಿ ಹೇಳಿ ದಣಿದರು. ಅತ್ತೆ ಮೊದಲ ಸಾಲಿನಲ್ಲಿ ಕೂತು ಎಲೆ ಅಡಿಕೆ ಅಗಿಯುತ್ತಿದ್ದರು.

ಸಂಜೆ ಕ್ರೂಸರಿನಲ್ಲಿ ಉಳಿದವರೆಲ್ಲ ತೂಕಡಿಸುತ್ತಿದ್ದರು. ಅತ್ತೆ ನನ್ನ ಪಕ್ಕ ಕಿಟಕಿಗೆ ಕೂತಿದ್ದರು. ಬೈಗುಳ ಎಲ್ಲಿಂದ ಸುರುವಾಗುತ್ತದೆ ಎಂದು ಕಾಯುತ್ತ ನಾನು ಸೆರಗು ಹಿಂಡಿಕೊಂಡು ಕೂತಿದ್ದೆ. ಬಾಗೇವಾಡಿ ಹತ್ತಿರ ಬಂದಾಗ ಅವರು ಬಾಯಿ ತೆರೆದರು.

"ಮಾರಿದ್ದಕ್ಕ ನನಗ ಸಿಟ್ಟು ಬಂದೈತಿ. ಅದು ಇರ್ಲಿ, ಮನಿಗಿ ಹೋದಮ್ಯಾಲ ನೋಡೋಣ," ಎಂದರು. ಆಮೇಲೆ ಧ್ವನಿ ತಗ್ಗಿಸಿ, "ಆ ಹುಡುಗಿ ಕೇಳಿದಾಗ ಯಾಕ ಅಷ್ಟೊತ್ತು ಸುಮ್ಮನಿದ್ದಿ?" ಎಂದರು.

ಅವರಿಗೆ ನೋವಾಗಿತ್ತು. ನಾನು ಮಾರಿದ್ದಕ್ಕಿಂತ, ನಾನು ತಡಮಾಡಿದ್ದಕ್ಕೆ.

"ಯಾರೂ ಕೇಳಿರಲಿಲ್ರಿ ಅತ್ತಿ. ಅದಕ್ಕ ವಿಚಾರ ಮಾಡಬೇಕಾತು. ವಿಚಾರ ಮಾಡಿ ಛಲೋ ಅದೇನಿ ಅಂತ ಹೇಳಾಕಿ ಇದ್ನಿ, ಅಷ್ಟರಾಗ ನೀವ ಹೇಳಿದ್ರಿ."

ಅತ್ತೆ ಹೊರಗೆ ನೋಡಿದರು. ಹೊಲಗಳಲ್ಲಿ ಏನೂ ಇರಲಿಲ್ಲ, ಬಿತ್ತನೆಗೆ ಹರಗಿಟ್ಟ ಕಪ್ಪು ಮಣ್ಣು.

"ನನ್ನೂ ಯಾರೂ ಕೇಳಿಲ್ಲ," ಎಂದರು.

ಬಸ್ಸಿನಲ್ಲಿ ಗುರುತಿಲ್ಲದವರ ಚೀಲ ಬಿಚ್ಚಿಸಿ ನೋಡುವವಳು ನಾನು. ಒಂದೇ ಒಲೆಯ ಮುಂದೆ ಇಷ್ಟು ವರ್ಷ ಇವರ ಜೊತೆ ಕೂತು, ಇದೊಂದನ್ನು ಕೇಳಬೇಕೆಂದು ನನಗೆ ಅನ್ನಿಸಿರಲೇ ಇಲ್ಲ.

"ನೀವು ಛಲೋ ಅದೀರೇನ್ರಿ ಅತ್ತಿ?" ಎಂದೆ.

ಅವರು ನನ್ನ ಕಡೆ ತಿರುಗಿದರು. ಏನೋ ಹೇಳಲು ತುಟಿ ಅಲುಗಿತು, ಮತ್ತೆ ನಿಂತಿತು. ಬಾಗೇವಾಡಿ ದಾಟಿತು, ಮನಗೂಳಿ ದಾಟಿತು. ಅತ್ತೆ ಇನ್ನೂ ವಿಚಾರ ಮಾಡುತ್ತಿದ್ದರು.